ಹೊಸ್ತಿಲಿನಿಂದ ಸೂರಿಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ತೋರಣಗಲ್ಲಿನ ಹತ್ತಿರ ಮುಚ್ಚಿದ ರೈಲ್ವೆ ಗೇಟಿನ ಮುಂದೆ, ಅದಿರು ತುಂಬಿದ ಎರಡು ಲಾರಿಗಳ ನಡುವೆ ಅರ್ಧ ಗಂಟೆಗೂ ಮೀರಿ ಸಿಕ್ಕಿಕೊಂಡಿದ್ದಾಗ, ನನ್ನ ಕಾರಿಗೆ ಉಕ್ಕಿನ ಟಾಪು ಹಾಕಿಸಲೇಬೇಕು ಎಂದು ತೀರ್ಮಾನಿಸಿದೆ. ತಲೆಯ ಮೇಲೆ ಕ್ಯಾನ್‌ವಾಸಿನ ಹೊದಿಕೆ ಇತ್ತು, ನಿಜ. ಆದರೆ ಅದು ಬಿಸಿಲನ್ನು ತಡೆಯುವ ಬದಲು ಸೋಸಿ ಒಳಗೆ ಬಿಡುತ್ತಿತ್ತು. ಎಡಗಡೆಯ ಕಿಟಕಿಯ ಮೇಲ್ಭಾಗದಲ್ಲಿ ಬಟ್ಟೆ ಸಡಿಲವಾಗಿ ಬಾಯಿ ತೆರೆದುಕೊಂಡಿದ್ದರಿಂದ ಕೆಂಪು ದೂಳು ಅಲ್ಲಿಂದ ನೇರವಾಗಿ ಬಂದು ನನ್ನ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು. ನಮ್ಮಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಬಳ್ಳಾರಿಯವರೂ ರಾಯಚೂರಿನವರೂ ಹೇಳಿಕೊಂಡು ನಗುವುದುಂಟು. ಆ ದಿನ ಗೇಟು ತೆರೆಯುವವರೆಗೆ ನನಗೆ ಆ ಮಾತಿನಲ್ಲಿ ನಗು ಕಾಣಲಿಲ್ಲ.

ಕಾರು 1966ರ ಎಂಜಿಬಿ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಆಸನದ, ಮೇಲೆ ಸೂರಿಲ್ಲದ ಬಂಡಿ ಅದು. ನನ್ನ ಕೈಗೆ ಬರುವ ಮೊದಲು ಬಹುಕಾಲ ಮದರಾಸಿನಲ್ಲಿತ್ತು, ಆಮೇಲೆ ಬೆಂಗಳೂರಿನಲ್ಲಿ. ಹನ್ನೆರಡು ವರ್ಷದ ಹಿಂದೆ ಅದನ್ನು ಲಾರಿಯ ಮೇಲೆ ಹೇರಿಕೊಂಡು ಊರಿಗೆ ತಂದಾಗ ನಮ್ಮ ಅಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟು ದುಡ್ಡು ಸುರಿದು ಸೂರಿಲ್ಲದ ಗಾಡಿ ತಂದೀಯಲ್ಲಪ್ಪಾ" ಎಂದಿದ್ದಳು. ಈ ಊರಿನಲ್ಲಿ ಇಂಥ ಕಾರನ್ನು ಯಾರು ರಿಪೇರಿ ಮಾಡುತ್ತಾರೆ ಎಂಬ ನನ್ನ ಅಂಜಿಕೆ ಮಾತ್ರ ಬಾನೆಟ್ ಎತ್ತಿದ ದಿನವೇ ಕಳೆಯಿತು. ಕೌಲ್ ಬಜಾರಿನ ಕಡೆ ನಲವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ಉಸ್ತಾದರು ಇಂಜಿನ್ನನ್ನು ಒಂದು ಗಳಿಗೆ ನೋಡಿ, "ಸಾರ್, ಇದು ಅಂಬಾಸಿಡರಿನ ಅಣ್ಣ ಐತಲ್ಲ" ಎಂದರು. ಅವರ ಮಾತು ಸರಿಯಾಗಿತ್ತು. ನಮ್ಮ ಅಂಬಾಸಿಡರಿಗೆ ದಶಕಗಳ ಕಾಲ ಹಾಕುತ್ತಿದ್ದ 1489 ಸಿಸಿಯ ಬಿ ಸರಣಿಯ ಇಂಜಿನ್ನೂ ಎಂಜಿಬಿಯ 1798 ಸಿಸಿಯ ಇಂಜಿನ್ನೂ ಒಂದೇ ಮನೆತನದವು. ಎಂಜಿಬಿಗೆ ಒಂದರ ಬದಲು ಎರಡು ಎಸ್‌ಯು ಕಾರ್ಬ್ಯುರೇಟರು (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸಾಧನ), ಅಷ್ಟೇ ಮುಖ್ಯ ವ್ಯತ್ಯಾಸ ಎನ್ನುವಂತೆ ಉಸ್ತಾದರು ಅದನ್ನು ಬಿಚ್ಚಿ ಜೋಡಿಸಿದರು.

ಇಂಜಿನ್ನಿನ ಚಿಂತೆ ತಪ್ಪಿತು. ಉಳಿದದ್ದು ಹೊದಿಕೆಯ ಚಿಂತೆ. ಮೂಲದ ಹೊದಿಕೆ ಚಿಂದಿಯಾಗಿದ್ದುದರಿಂದ ಜೀನ್ಸ್ ಹೊಲಿಯುವವರೊಬ್ಬರಿಂದ ಹೊಸದನ್ನು ಹೊಲಿಸಿದೆ. ಬಳ್ಳಾರಿಯಲ್ಲಿ ದಪ್ಪ ಡೆನಿಮ್ಮಿನ ನಾಲ್ಕು ಪದರವನ್ನು ಒಂದೇ ಓಟಕ್ಕೆ ಹೊಲಿಯುವ ಯಂತ್ರಗಳಿಗೂ ಕೈಗಳಿಗೂ ಬರವಿಲ್ಲ. ಕ್ಯಾನ್‌ವಾಸು ಅವರಿಗೆ ಲೆಕ್ಕವೇ ಅಲ್ಲ. ಹೊಲಿಗೆ ಬಹಳ ಚೆನ್ನಾಗಿತ್ತು. ಆದರೆ ಎಡಗಡೆ ಮಾತ್ರ ಬಟ್ಟೆ ಎಂದೂ ಬಿಗಿಯಾಗಿ ಕೂರಲಿಲ್ಲ. ಎರಡು ಸಲ ಬಿಚ್ಚಿಸಿ ಹೊಲಿಸಿದೆ. ಮೂರನೆಯ ಸಲ ಆ ಮನುಷ್ಯ ತನ್ನ ಟೇಪನ್ನು ನನ್ನ ಕೈಗೇ ಕೊಟ್ಟು, ಎರಡೂ ಕಡೆಯ ಅಳತೆ ಒಂದೇ ಇದೆ, ನೀವೇ ನೋಡಿಕೊಳ್ಳಿ ಎಂದ. ಅಳತೆ ಒಂದೇ ಇತ್ತು. ಆದರೂ ತಪ್ಪು ಅವನ ಹೊಲಿಗೆಯದೇ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೇ ವರ್ಷಗಳನ್ನು ಕಳೆದೆ. ಈ ತಪ್ಪು ಎಣಿಕೆಗೆ ಮುಂದೆ ತೆರಬೇಕಾದ ಬೆಲೆ ಇತ್ತು.

ಉಕ್ಕಿನ ಟಾಪು ಎಂದಾಗ ನನ್ನ ತಲೆಯಲ್ಲಿ ಇದ್ದದ್ದು ಎಂಜಿಬಿ ಜಿಟಿ. ಬಯಲು ಕಾರು ಬಂದು ಮೂರು ವರ್ಷಕ್ಕೆ, 1965ರ ಅಕ್ಟೋಬರಿನಲ್ಲಿ, ಕಾರ್ಖಾನೆಯವರೇ ಅದಕ್ಕೆ ಶಾಶ್ವತವಾದ ಉಕ್ಕಿನ ಸೂರು ಕೂಡಿಸಿ ಹಿಂದೆ ಮೇಲಕ್ಕೆ ಎತ್ತುವ ಬಾಗಿಲಿಟ್ಟು ಜಿಟಿ ಎಂದು ಹೆಸರಿಟ್ಟರು. ಆ ಸೂರಿನ ರೇಖೆಯನ್ನು ತಿದ್ದಿದವರು ಇಟಲಿಯ ಕಾರು ವಿನ್ಯಾಸಕರಾದ ಪಿನಿನ್‌ಫರೀನಾ. ಅವರು ಮಾಡಿದ ಮುಖ್ಯ ಕೆಲಸ, ನನ್ನ ಅಭಿಪ್ರಾಯದಲ್ಲಿ, ಸೂರಿಗಿಂತ ಮೊದಲು ಮುಂದಿನ ಗಾಜನ್ನು ಎತ್ತರಿಸಿದ್ದು. ಬಯಲು ಕಾರಿನ ಗಿಡ್ಡ ಗಾಜಿನ ಮೇಲೆಯೇ ಸೂರನ್ನು ಕೂರಿಸಿದ್ದರೆ ಅದು ಚಪ್ಪಟೆ ಟೋಪಿ ಒತ್ತಿದಂತೆ ಕಾಣುತ್ತಿತ್ತು. ಒಳಗಿನವರು ಕತ್ತು ಬಗ್ಗಿಸಿ ಕೂರಬೇಕಾಗುತ್ತಿತ್ತು. ಕಾರ್ಖಾನೆಗಿಂತಲೂ ಮೊದಲೇ ಬೆಲ್ಜಿಯಮ್ಮಿನಲ್ಲಿ ಜಾಕ್ ಕೂನ್ ಎಂಬ ಬಾಡಿ ಕಟ್ಟುವವರು ಬಯಲು ಎಂಜಿಬಿಗಳಿಗೆ ಸೂರು ಕೂಡಿಸಿ ಕೆಲವು ಕಾರುಗಳನ್ನು ಮಾರಿದ್ದರು ಎಂದು ತಿಳಿದ ಮೇಲಂತೂ, ಬ್ರಸೆಲ್ಸಿನ ಶೆಡ್ಡಿನಲ್ಲಿ ಆದದ್ದು ಬಳ್ಳಾರಿಯ ಶೆಡ್ಡಿನಲ್ಲಿ ಏಕಾಗಬಾರದು ಎಂಬ ಹುಮ್ಮಸ್ಸು ಹುಟ್ಟಿತು. ನಮ್ಮಲ್ಲಿ ಲಾರಿಯ ಕ್ಯಾಬಿನ್ನು, ಟ್ರ್ಯಾಕ್ಟರಿನ ಟ್ರೇಲರು, ಜೀಪಿನ ಹಾರ್ಡ್‌ಟಾಪು ಕಟ್ಟುವವರಿಗೆ ಕಡಿಮೆಯೇ? ಇನ್ನು ತಗಡಿನ ಮಾತು ಕೇಳಬೇಕಾಗಿಯೇ ಇಲ್ಲ. ಸಂಡೂರಿನ ಗುಡ್ಡದ ಅದಿರು ತೋರಣಗಲ್ಲಿನ ಕುಲುಮೆಯಲ್ಲಿ ಕರಗಿ ಹಾಳೆಯಾಗಿ ಹೊರಬೀಳುವುದು ನನ್ನ ಮನೆಯಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ.

ಉಸ್ತಾದರು ನನ್ನನ್ನು ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಲಾರಿ ಬಾಡಿ ಕಟ್ಟುವ ಒಬ್ಬ ಟಿಂಕರ್ ಮೇಸ್ತ್ರಿಯ ಬಳಿಗೆ ಕರೆದೊಯ್ದರು. ಆತ ಮಾತು ಕಡಿಮೆ ಆಡುವವನು. ಕಾರನ್ನು ನೋಡಿದವನೇ ಮೊದಲು ಬಲಗಡೆ ಪ್ಲೈವುಡ್ಡಿನ ಹಲಗೆಯನ್ನು ಕೊರೆದು, ಮುಂದಿನ ಗಾಜಿನ ಮೇಲಂಚಿನಿಂದ ಹಿಂದಿನ ಡಿಕ್ಕಿಯ ಮುಂಭಾಗದವರೆಗೆ ಸೂರಿನ ಪಕ್ಕದ ರೇಖೆ ಹೇಗೆ ಬರಬೇಕೆಂದು ಒಂದು ನಮೂನೆ ಮಾಡಿದ. ಮೂರು ದಿನ ಉಜ್ಜಿ ಉಜ್ಜಿ ಅದು ಕೂದಲೆಳೆಯಷ್ಟೂ ಬಿಡದೆ ಕೂರುವಂತೆ ಮಾಡಿದ. ಬಳಿಕ ಅದೇ ಹಲಗೆಯನ್ನು ಮಗುಚಿ ಎಡಗಡೆಗೆ ಹಿಡಿದ. ಎರಡೂ ಕಡೆ ಒಂದೇ ಆಗಿರಬೇಕಲ್ಲವೇ? ಎಡಗಡೆಯಲ್ಲಿ ಹಲಗೆ ಮುಂದಿನ ಗಾಜಿನ ಚೌಕಟ್ಟನ್ನು ದಾಟಿ 11 ಮಿಲಿಮೀಟರು ಹೊರಗೆ ಚಾಚಿಕೊಂಡಿತು. ಮೇಸ್ತ್ರಿ ಹಲಗೆಯನ್ನು ತೆಗೆದ, ಮತ್ತೆ ಇಟ್ಟ, ಮತ್ತೆ ಅಳೆದ. ಆಮೇಲೆ ಅದನ್ನು ಗೋಡೆಗೆ ಒರಗಿಸಿ, ಎಡಗಡೆಯ ಬಾಗಿಲಿನ ಸಂದಿನಲ್ಲಿ ತನ್ನ ಬೆರಳನ್ನು ಮೇಲಿನಿಂದ ಕೆಳಗಿನವರೆಗೆ ಓಡಿಸಿದ. ಬಾಗಿಲಿನ ಹಿಂದಿನ ಅಂಚಿನ ಸಂದು ಕೆಳಗೆ 8 ಮಿಲಿಮೀಟರು, ಮೇಲೆ ಬರೀ 2. "ಗಾಡಿ ಸೊಂಟ ಬಿಟ್ಟೈತೆ, ಸಾರ್" ಎಂದು ಹೇಳಿ ಬೀಡಿ ಹಚ್ಚಲು ಹೊರಗೆ ಹೋದ.

ಸೂರಿರುವ ಕಾರು ಒಂದು ಪೆಟ್ಟಿಗೆ. ನೆಲ, ಕಂಬಗಳು, ಮೇಲಿನ ತಗಡು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಭಾರ ಎಲ್ಲಿ ಬಿದ್ದರೂ ಎಲ್ಲವೂ ಸೇರಿ ಹೊರುತ್ತವೆ. ಪೆಟ್ಟಿಗೆಯ ಮುಚ್ಚಳವನ್ನು ಕತ್ತರಿಸಿ ತೆಗೆದರೆ ಉಳಿದದ್ದು ತೊಟ್ಟಿ. ಅದರ ಎರಡು ತುದಿ ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತದೆ. ಎಂಜಿಬಿಗೆ ಮೊದಲು ಬಂದ ಎಂಜಿಎಗೆ ಕೆಳಗೆ ಬೇರೆಯೇ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇತ್ತು, ಹಾಗಾಗಿ ಮೇಲಿನ ತಗಡಿಗೆ ಅಷ್ಟು ಜವಾಬ್ದಾರಿ ಇರಲಿಲ್ಲ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಮೈಯೇ ಚಾಸಿ. ಸೂರೂ ಇಲ್ಲದ, ಚಾಸಿಯೂ ಇಲ್ಲದ ಈ ತೊಟ್ಟಿ ಮಧ್ಯದಲ್ಲಿ ಕುಸಿಯದಂತೆ ಹಿಡಿದಿರುವುದು ಗೇರುಪೆಟ್ಟಿಗೆಯ ಮೇಲೆ ಹಾಯುವ ಸುರಂಗ ಮತ್ತು ಎರಡು ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ತೊಲೆಗಳು. ಅವನ್ನು ಸಿಲ್ ಎನ್ನುತ್ತಾರೆ. ಉಸ್ತಾದರು ಯಾರ ಅನುವಾದಕ್ಕೂ ಕಾಯದೆ ಹೊಸ್ತಿಲು ಎಂದೇ ಕರೆದರು. ಹೊರಗಿನ ತಗಡು, ಒಳಗಿನ ತಗಡು, ಇವೆರಡರ ನಡುವೆ ನೆಟ್ಟಗೆ ನಿಂತ ಮೂರನೆಯ ತಗಡು, ಹೀಗೆ ಮೂರು ಸೇರಿ ಒಂದು ಹೊಸ್ತಿಲು. ನಡುವಿನ ತಗಡು ತಿಂದುಹೋದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಆದರೆ ಎರಡು ಚಕ್ರಗಳ ನಡುವೆ ಕೂತವರ ಭಾರಕ್ಕೆ ಮಧ್ಯಭಾಗ ಕೆಳಗೆ ಇಳಿಯುತ್ತದೆ, ಬಾಗಿಲಿನ ಮುಂದಿನ ಕಂಬವೂ ಹಿಂದಿನ ಕಂಬವೂ ತಲೆಯ ಕಡೆ ಹತ್ತಿರ ಬರುತ್ತವೆ, ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಆ ವಾಲಿಕೆ ಮೇಲೆ ಹೋದಷ್ಟೂ ಹೆಚ್ಚುವುದರಿಂದ, ಬಾಗಿಲಿನಲ್ಲಿ 6 ಮಿಲಿಮೀಟರು ಕಂಡ ತಪ್ಪು ಗಾಜಿನ ಮೇಲಂಚಿಗೆ ಹೋಗುವಷ್ಟರಲ್ಲಿ 11 ಆಗಿತ್ತು.

ಇಷ್ಟು ವರ್ಷ ಎಡಗಡೆ ಕ್ಯಾನ್‌ವಾಸು ಸಡಿಲವಾಗಿದ್ದುದು ಈ ಕಾರಣಕ್ಕೆ. ಬಟ್ಟೆ ಸರಿಯಾದ ಉದ್ದವೇ ಇತ್ತು. ಅದು ಮುಚ್ಚಬೇಕಾಗಿದ್ದ ದೂರ ಕಡಿಮೆಯಾಗಿತ್ತು. ಬಟ್ಟೆ ಅದನ್ನು ಸಹಿಸಿಕೊಂಡು ಜೋತುಬಿತ್ತು, ನಾನು ಹೊಲಿಗೆಯವನನ್ನು ದೂರಿದೆ. ಪ್ಲೈವುಡ್ಡು ಮೂರು ದಿನದಲ್ಲಿ ಹೇಳಿದ್ದನ್ನು ಬಟ್ಟೆ ಹನ್ನೆರಡು ವರ್ಷ ಮುಚ್ಚಿಟ್ಟಿತ್ತು. (ಆಮೇಲೆ ಒಂದು ದಿನ ಆ ಹೊಲಿಗೆಯವನ ಅಂಗಡಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ತಿನ್ನುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಆತ ದೊಡ್ಡ ಮನಸ್ಸಿನವನು, ನಕ್ಕ. ಅಂದಿನ ಟೇಪು ಇನ್ನೂ ಇದೆಯೆಂದು ತೋರಿಸಿದ.)

ಹೊರಗಿನ ತಗಡನ್ನು ಕೊಯ್ದು ನೋಡಿದಾಗ ಎಡ ಹೊಸ್ತಿಲಿನ ಒಳಗೆ ನಡುವಿನ ತಗಡು ಮೊಳದುದ್ದ ಇರಲೇ ಇಲ್ಲ. ಇದ್ದದ್ದು ಕಂದು ಪುಡಿ, ಜೇಡರ ಬಲೆ, ಹಳೆಯ ಪುಟ್ಟಿ. ಹಿಂದೆ ಯಾರೋ ಕೊಳೆತ ಭಾಗದ ಮೇಲೆಯೇ ಒಂದು ಚೂರು ತಗಡು ಅಂಟಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆದು ಮಾರಿದ್ದರು. ಕಡಲತೀರದ ಉಪ್ಪುಗಾಳಿ ತಿಂದದ್ದಕ್ಕಿಂತ ಆ ತೇಪೆಯ ಹಿಂದೆ ನಿಂತ ನೀರು ತಿಂದದ್ದೇ ಹೆಚ್ಚು ಎಂದು ಮೇಸ್ತ್ರಿಯ ಅಂದಾಜು. ಬಳ್ಳಾರಿಯ ಒಣ ಹವೆ ಕಾರಿಗೆ ಮಾಡಿದ ಒಂದೇ ಉಪಕಾರವೆಂದರೆ ಇಲ್ಲಿಗೆ ಬಂದ ಮೇಲೆ ತುಕ್ಕು ಮುಂದುವರಿಯದೆ ಅಲ್ಲೇ ನಿಂತದ್ದು.

ಇಲ್ಲಿ ಒಂದು ಅಪಾಯವಿದೆ, ಹಳೆಯ ಬಯಲು ಕಾರು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕು. ಕುಸಿದ ಮೈಯನ್ನು ಹಾಗೆಯೇ ಬಿಟ್ಟು ಹೊಸ್ತಿಲನ್ನು ಕತ್ತರಿಸಿ ಹೊಸದನ್ನು ಬೆಸೆದರೆ, ಕುಸಿತವೇ ಶಾಶ್ವತವಾಗಿ ಬೆಸೆದುಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದೆಂದರೆ, ಆಧಾರವಿಲ್ಲದೆ ಕತ್ತರಿಸಿದರೆ ಮೈ ಇನ್ನಷ್ಟು ಮಡಚಿಕೊಳ್ಳುತ್ತದೆ. ಆದ್ದರಿಂದ ಮೇಸ್ತ್ರಿ ಮೊದಲು ಎರಡೂ ಬಾಗಿಲುಗಳ ಜಾಗದಲ್ಲಿ, ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಚೌಕದ ಪೈಪುಗಳನ್ನು ಬೋಲ್ಟಿನಿಂದ ಬಿಗಿದ. ಎಡಗಡೆಯದಕ್ಕೆ ಉದ್ದ ಹೆಚ್ಚುಕಡಿಮೆ ಮಾಡಲು ಬರುವ ತಿರುಪು ಇತ್ತು. ಕಾರನ್ನು ನಾಲ್ಕೂ ಕಡೆ ಸಮಮಟ್ಟದ ಕುದುರೆಗಳ (ಕಬ್ಬಿಣದ ಸ್ಟ್ಯಾಂಡುಗಳ) ಮೇಲೆ ಕೂರಿಸಿ, ದಿನಕ್ಕೆ ಒಂದೆರಡು ಸುತ್ತು ತಿರುಪು ತಿರುಗಿಸುತ್ತ, ನಡುಭಾಗಕ್ಕೆ ಕೆಳಗಿನಿಂದ ಜಾಕಿ ಕೊಡುತ್ತ, ಬಾಗಿಲನ್ನು ಆಗಾಗ ತೂಗುಹಾಕಿ ಸಂದು ನೋಡುತ್ತ ಒಂಬತ್ತು ದಿನ ತೆಗೆದುಕೊಂಡ. ಸಂದು ಮೇಲೂ ಕೆಳಗೂ 5 ಮಿಲಿಮೀಟರಿಗೆ ಬಂದ ದಿನವೇ ಗ್ರೈಂಡರು ಕೈಗೆ ತೆಗೆದುಕೊಂಡದ್ದು. ಹೊರಗಿನ ಹೊಸ್ತಿಲಿನ ತುದಿಗಳು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಒಳಗೆ ಹೋಗಿರುತ್ತವೆ. ಮುಂದಿನದು ಬೋಲ್ಟು ಬಿಚ್ಚಿದರೆ ಬರುತ್ತದೆ, ಹಿಂದಿನದನ್ನು ಕೆಳಗಡೆ ಕತ್ತರಿಸಲೇಬೇಕು. ಅವಸರದವರು ಬಿಟ್ಟುಬಿಡುವುದು ಈ ತುದಿಗಳನ್ನೇ. ನಮ್ಮಲ್ಲಿ ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲದ) ವೆಲ್ಡಿಂಗಿನಿಂದ, ಒಂದೇ ಕಡೆ ಶಾಖ ಏರದಂತೆ ಜಾಗ ಬದಲಿಸಿ ಬದಲಿಸಿ, ಮೂರೂ ತಗಡುಗಳನ್ನು ತುದಿಯಿಂದ ತುದಿಗೆ ಬೆಸೆಯಲಾಯಿತು. ಬಲಗಡೆಯದನ್ನೂ ಬಿಡಲಿಲ್ಲ. ಸೂರು ಹಾಕಿಸಲು ಹೋದವನು ನಾಲ್ಕು ತಿಂಗಳು ಹೊಸ್ತಿಲಿಗೇ ಕೊಟ್ಟೆ.

ಈ ನಾಲ್ಕು ತಿಂಗಳು ಇನ್ನೊಂದು ಪ್ರಶ್ನೆಯನ್ನು ಯೋಚಿಸಲು ಸಮಯ ಕೊಟ್ಟವು: ಟಾಪನ್ನು ಮೈಗೆ ಬೆಸೆಯಬೇಕೇ, ಬೋಲ್ಟಿನಿಂದ ಬಿಗಿಯಬೇಕೇ? ಬೆಸೆಯಬೇಕೆಂಬುದೇ ನನ್ನ ಮೊದಲ ಆಸೆ. ಬೆಸೆದರೆ ಜಿಟಿಯಂತೆ ತೊಟ್ಟಿ ಮತ್ತೆ ಪೆಟ್ಟಿಗೆಯಾಗುತ್ತದೆ, ಬಿಗಿ ಹೆಚ್ಚುತ್ತದೆ. ಆದರೆ ಬಯಲು ಎಂಜಿಬಿಯ ಮುಂದಿನ ಗಾಜಿನ ಚೌಕಟ್ಟು ಅಲ್ಯುಮಿನಿಯಮ್ಮಿನದು. ಮೈಗೆ ಬೋಲ್ಟಿನಿಂದ ಸೇರಿಕೊಂಡಿರುತ್ತದೆ. ಅದು ಗಾಳಿಯನ್ನು ತಡೆಯಲು ಇರುವ ಚೌಕಟ್ಟು, ಭಾರ ಹೊರಲು ಅಲ್ಲ. ಉಕ್ಕನ್ನು ಅದಕ್ಕೆ ಬೆಸೆಯಲು ಬರುವುದೂ ಇಲ್ಲ. ನಿಜವಾಗಿ ಬೆಸೆದ ಸೂರು ಬೇಕಾದರೆ ಜಿಟಿಯ ಉಕ್ಕಿನ ಕಂಬಗಳು, ಎತ್ತರದ ಗಾಜು, ಬಾಗಿಲಿನ ಎತ್ತರದ ಕಿಟಕಿ ಎಲ್ಲವನ್ನೂ ತರಿಸಿ ಕಸಿ ಮಾಡಬೇಕು. ಅಲ್ಲಿಗೆ ಬಯಲು ಕಾರನ್ನು ಕೊಂದು ಅರೆಬರೆ ಜಿಟಿಯನ್ನು ಹುಟ್ಟಿಸಿದಂತೆ. ಜಿಟಿಯೇ ಬೇಕಾದವನು ಜಿಟಿಯನ್ನೇ ಕೊಳ್ಳಬೇಕಿತ್ತು. ಅದು ಬಯಲು ಕಾರಿಗಿಂತ ನೂರು ಕಿಲೋದ ಆಸುಪಾಸು ಹೆಚ್ಚು ತೂಗುತ್ತದೆ, ಆ ತೂಕಕ್ಕೆಂದೇ ಕಾರ್ಖಾನೆಯವರು ಹಿಂದಿನ ಪಟ್ಟಾ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿದ್ದರು. ಮೇಲೊಂದು ಸೂರು ಇಟ್ಟು ಕೆಳಗೆ ಏನನ್ನೂ ಮುಟ್ಟದೆ ಬಿಡುವ ಕೆಲಸ ಅವರೂ ಮಾಡಲಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ನನಗೆ ಹೆಚ್ಚು ನಾಟಿದ್ದು 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರುಗಳಿಗೆ ಅದು ವಿಎ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ಕೊಡುತ್ತದೆ. ಆದರೆ ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್ (ತಗಡಿನ ಮೈ), ಇಂಜಿನ್ನು ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂಥ ನೋಂದಣಿ ಮಾಡಿಸಿದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಮುಂತಾದವಕ್ಕೆ ಮಾತ್ರ ರಸ್ತೆಗೆ ತರಬಹುದು. ಆದುದರಿಂದ ನಾನು ಇನ್ನೂ ಅದಕ್ಕೆ ಅರ್ಜಿ ಹಾಕಿಲ್ಲ. ಆದರೆ ನನಗೆ ವಯಸ್ಸಾಗಿ ಕಾರು ದಿನಬಳಕೆ ಬಿಟ್ಟ ಮೇಲೆ, ನನ್ನ ನಂತರದವರಿಗೆ ಆ ದಾರಿ ಮುಚ್ಚಿರಬಾರದು. ಬಾಡಿ ಶೆಲ್ಲಿಗೆ ಒಮ್ಮೆ ಸೂರು ಬೆಸೆದರೆ ಆ ದಾರಿ ಮುಗಿಯಿತು. ಕಾರ್ಖಾನೆಯೇ ಆ ಕಾಲದಲ್ಲಿ ಎಂಜಿಬಿಗೆ ಬಿಚ್ಚಿ ಹಾಕುವ ಫೈಬರ್‌ಗ್ಲಾಸ್ ಟಾಪನ್ನು ಬೇಡಿದವರಿಗೆ ಕೊಡುತ್ತಿತ್ತು; ಆ ಕಾಲದ ಇನ್ನೊಂದು ಇಂಗ್ಲಿಷ್ ಬಯಲು ಕಾರಾದ ಟ್ರಯಂಫ್ ಸ್ಪಿಟ್‌ಫೈರಿಗೆ ಅಂಥದೇ ಟಾಪು ಉಕ್ಕಿನಲ್ಲಿ ಬರುತ್ತಿತ್ತು. ನಾನು ಹಿಡಿದದ್ದು ಈ ಎರಡನೆಯ ಮಾದರಿಯನ್ನು: ಉಕ್ಕಿನದು, ಬೋಲ್ಟಿನಿಂದ ಬಿಗಿದದ್ದು, ವರ್ಷವಿಡೀ ಮೇಲೆಯೇ ಇರುವಂಥದ್ದು, ಆದರೆ ಮೈಯಲ್ಲಿ ಹೊಸ ರಂಧ್ರ ಕೊರೆಯದೆ ಕೂರುವಂಥದ್ದು.

ಟಾಪಿನ ಕೆಲಸ ಶುರುವಾದದ್ದು ನವೆಂಬರಿನಲ್ಲಿ. ಒಂದಿಂಚಿನ ಚೌಕದ ಪೈಪಿನಿಂದ ಅಸ್ಥಿಪಂಜರ, ಅದರ ಮೇಲೆ 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರು ದಪ್ಪದ ಸಿಆರ್ (ಕಾಯಿಸದೆ ಉರುಳೆಯಲ್ಲಿ ಹಾಯಿಸಿದ) ತಗಡು. ಲಾರಿಯವರು ಬಳಸುವ, ಇನ್ನೂ ದಪ್ಪನೆಯ 18 ಗೇಜು ಸಾಕಷ್ಟು ಬಿದ್ದಿತ್ತು, ಮೇಸ್ತ್ರಿಗೆ ಅದರ ಮೇಲೆಯೇ ಕಣ್ಣು, ನಾನು ಒಪ್ಪಲಿಲ್ಲ. ಅದು 20 ಗೇಜಿಗಿಂತ ಚದರ ಮೀಟರಿಗೆ ಎರಡು ಕಿಲೋಗೂ ಮೀರಿ ಹೆಚ್ಚು ಭಾರ, ಅದೂ ಕಾರಿನ ಅತ್ಯಂತ ಎತ್ತರದ ಜಾಗದಲ್ಲಿ. ನಮ್ಮಲ್ಲಿ ತಗಡನ್ನು ಉರುಳೆಗಳ ನಡುವೆ ಹಾಯಿಸಿ ಉಬ್ಬಿಸುವ ಯಂತ್ರ ಇರಲಿಲ್ಲ. ಮರಳು ತುಂಬಿದ ಚರ್ಮದ ಚೀಲ, ಹುಣಿಸೆ ಮರದ ಕೊಡತಿ, ಎರಡು ಡಾಲಿ (ಬಡಿಯುವಾಗ ತಗಡಿನ ಹಿಂದೆ ಹಿಡಿಯುವ ಉಕ್ಕಿನ ಗಟ್ಟಿ), ಇಷ್ಟೇ ಸಲಕರಣೆ. ಸಪಾಟಾದ ತಗಡು ಸೂರಾಗುವುದಿಲ್ಲ. ಅದಕ್ಕೆ ಎರಡೂ ದಿಕ್ಕಿನಲ್ಲಿ ಸ್ವಲ್ಪ ಉಬ್ಬು ಬೇಕು, ಇಲ್ಲದಿದ್ದರೆ ಗಾಳಿಗೆ, ಬಿಸಿಲಿಗೆ ಎಣ್ಣೆ ಡಬ್ಬಿಯ ತಳದಂತೆ ಒಳಗೂ ಹೊರಗೂ ಡಬ್ ಎನ್ನುತ್ತ ಹಾರುತ್ತದೆ. ಮೊದಲ ತಗಡು ಹಾಗೆಯೇ ಆಯಿತು. ಮಧ್ಯದಲ್ಲಿ ಹೆಚ್ಚು ಬಡಿದು ತಗಡು ಹಿಗ್ಗಿಬಿಟ್ಟಿತ್ತು, ಅಂಚಿನಲ್ಲಿ ಸಾಲದಾಗಿತ್ತು. ಅದನ್ನು ಮೇಸ್ತ್ರಿ ತನ್ನ ಮನೆಯ ಕೋಳಿಗೂಡಿಗೆ ಒಯ್ದ. ಎರಡನೆಯದನ್ನು ಹನ್ನೊಂದು ದಿನ, ದಿನಕ್ಕೆ ಎರಡೇ ತಾಸು, ಬೆಳಗಿನ ಓರೆ ಬೆಳಕಿನಲ್ಲಿ ಮಾತ್ರ ಬಡಿದ. ಮಧ್ಯಾಹ್ನದ ಬೆಳಕಿನಲ್ಲಿ ತಗ್ಗು ಉಬ್ಬು ಕಾಣುವುದಿಲ್ಲವಂತೆ. ಅವನ ಕೈ ಎಲ್ಲಿ ನಿಂತು ಎಲ್ಲಿ ಹೊಡೆಯುತ್ತಿತ್ತೆಂದು ಎಷ್ಟು ನೋಡಿದರೂ ನನಗೆ ಲೆಕ್ಕ ಸಿಗಲಿಲ್ಲ. ಹೊಡೆಯುವ ಮುಂಚೆ ಪ್ರತಿ ಸಲವೂ ಅಂಗೈಯಿಂದ ತಗಡನ್ನು ಸವರಿ ನೋಡುತ್ತಿದ್ದ.

ಗಾಜಿನ ಎತ್ತರ ಬದಲಿಸದ ಕಾರಣ ಜಿಟಿಯ ಚೆಲುವು ನಮ್ಮ ಟಾಪಿಗೆ ಬರಲಿಲ್ಲ. ಪಕ್ಕದಿಂದ ನೋಡಿದರೆ ಹಿಂದಿನ ಇಳಿಜಾರು ಸ್ವಲ್ಪ ಅವಸರದ್ದು ಎನಿಸುತ್ತದೆ. ಇರಲಿ.

ಬಿಸಿಲಿಗೆ ಹೆದರಿ ಸೂರು ಹಾಕಿಸುತ್ತಿರುವವನಿಗೆ ತಗಡಿನ ಸೂರು ಏನೆಂದು ನೆನಪಿಸಿದವಳು ಅಮ್ಮ. ಅವಳು ಹುಟ್ಟಿ ಬೆಳೆದದ್ದು ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮದುವೆಯಾಗಿ ಬಂದ ಮೊದಲ ಕೆಲವು ವರ್ಷ ಕಳೆದದ್ದು ತಗಡಿನ ಶೀಟಿನ ಬಾಡಿಗೆ ಮನೆಯಲ್ಲಿ. "ಕಾದ ಹಂಚಿನ ಕೆಳಗೆ ರೊಟ್ಟಿ ಕೂಡ ಕೂರಂಗಿಲ್ಲ, ನೀನು ಕೂರ್ತೀಯಾ?" ಎಂದು ಕೇಳಿ, ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಇದ್ದದ್ದು ಬೆಳಕಿಗೆ ಮಾತ್ರವಲ್ಲ, ಒಳಗಿನ ಝಳ ಮೇಲಿನಿಂದ ಹೊರಗೆ ಹೋಗಲಿ ಎಂದು ಕೂಡ ಎಂದಳು. ಅವಳ ಮಾತು ಕೇಳಿ ಹಿಂದಿನ ಗಾಜಿನ ಮೇಲ್ಗಡೆ, ಟಾಪಿನ ಅಂಚಿನ ಕೆಳಗೆ, ಒಳಗಿನಿಂದ ತೆರೆದು ಮುಚ್ಚುವ ಎರಡು ಕಿಂಡಿ ಇಡಿಸಿದೆ. ಟಾಪಿನ ಒಳಮೈಗೆ ಸದ್ದು ತಡೆಯುವ ಡಾಂಬರಿನ ಹಾಳೆ, ಅದರ ಕೆಳಗೆ ಬೆರಳಗಲ ಖಾಲಿ ಜಾಗ, ಬಳಿಕ ಸೆಣಬಿನ ಫೆಲ್ಟು, ಕೊನೆಗೆ ಸಣ್ಣ ತೂತುಗಳ ಬಿಳಿ ರೆಕ್ಸಿನ್ನು. ಹೊರಗೆ ಯಾವ ಬಣ್ಣ ಎಂಬ ಜಗಳ ಸ್ವಲ್ಪ ದಿನ ನಡೆಯಿತು. ಕಾರಿನ ಮೈ ಕಡುಹಸಿರು, ಟಾಪೂ ಅದೇ ಬಣ್ಣದಲ್ಲಿರಬೇಕೆಂದು ನನ್ನ ಹಟ. ಮೇಸ್ತ್ರಿ ಒಂದೇ ತಗಡಿನ ಎರಡು ತುಂಡಿಗೆ ಎರಡು ಬಣ್ಣ ಹೊಡೆದು ಬಿಸಿಲಿಗೆ ಇಟ್ಟು, ಮಧ್ಯಾಹ್ನ ಅಳೆಯಲು ಹೇಳಿದ. ಹಸಿರಿನದು 69 ಡಿಗ್ರಿ, ಬಿಳಿಯದು 53. ಟಾಪು ಬಿಳಿಯಾಯಿತು.

ಬಿಸಿಲು ಇನ್ನೊಂದು ತಂಟೆಯನ್ನೂ ತಂದಿತು. ಉಕ್ಕು ಕಾದಾಗ ಹಿಗ್ಗುವುದಕ್ಕಿಂತ ಅಲ್ಯುಮಿನಿಯಂ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ನಾಲ್ಕು ಅಡಿ ಅಗಲದ ಗಾಜಿನ ಚೌಕಟ್ಟೂ ಅದರ ಮೇಲೆ ಕೂತ ಟಾಪಿನ ಅಂಚೂ 50 ಡಿಗ್ರಿ ಏರಿದರೆ ಇವೆರಡರ ಉದ್ದದಲ್ಲಿ ಅರ್ಧ ಮಿಲಿಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ. ಅಷ್ಟೇನಾ ಎನ್ನಬಹುದು, ಮೊದಲ ವಾರ ಬೋಲ್ಟುಗಳನ್ನು ಗಟ್ಟಿಯಾಗಿ ಬಿಗಿದಿದ್ದಾಗ ಪ್ರತಿ ಮಧ್ಯಾಹ್ನ ಟಕ್ ಎಂದು ಒಂದು ಸದ್ದು, ಪ್ರತಿ ಸಂಜೆ ಇನ್ನೊಂದು. ಆ ಎಳೆತ ಎಂದಾದರೂ ಗಾಜಿಗೆ ಹೋದರೆ ಗಾಜು ಬಿರುಕು ಬಿಡುತ್ತದೆ, ಇಂಥ ಗಾಜು ಬಳ್ಳಾರಿಯಲ್ಲಿ ಸಿಗುವುದಿಲ್ಲ. ಬಿಚ್ಚಿ, ಟಾಪಿನ ಅಂಚಿನ ತೂತುಗಳನ್ನು ಅಡ್ಡಕ್ಕೆ ಉದ್ದವಾಗಿ ಕೊರೆದು, ಬೋಲ್ಟಿನ ಸುತ್ತ ನೈಲಾನ್ ವಾಷರು ಇಟ್ಟು, ನಡುವೆ ದಪ್ಪ ಬೀಡಿಂಗ್ ರಬ್ಬರು ಕೂರಿಸಿದೆವು. ಮಳೆನೀರು ಸೇರಿದರೆ ಉಕ್ಕೂ ಅಲ್ಯುಮಿನಿಯಮ್ಮೂ ತಾಗಿದಲ್ಲಿ ಅಲ್ಯುಮಿನಿಯಂ ಬೇಗ ತಿಂದುಹೋಗುತ್ತದೆ; ರಬ್ಬರು ಅದನ್ನೂ ತಡೆಯುತ್ತದೆ. ಹೀಗೆ ಟಾಪು ಹಿಂದೆ ಗಟ್ಟಿಯಾಗಿ ಕೂತು, ಮುಂದೆ ತೇಲುವಂತಾಯಿತು. ಅದು ಕಾರಿಗೆ ಬಲ ಕೊಡುವುದಿಲ್ಲ, ಕಾರಿನಿಂದ ಬಲ ಕೇಳುವುದೂ ಇಲ್ಲ. ಟಾಪಿನ ತೂಕ ಗಾಜು, ಫೆಲ್ಟು ಎಲ್ಲ ಸೇರಿ 28 ಕಿಲೋ.

ಓಡಿಸುವುದರಲ್ಲಿ ಆದ ಬದಲಾವಣೆ ನಾನು ಎಣಿಸಿದ್ದಲ್ಲ. ಗಂಟೆಗೆ 70 ಕಿಲೋಮೀಟರಿನ ಹತ್ತಿರ ಟಾಪಿನೊಳಗೆ ಒಂದು ಗುಂಯ್ ಎಂಬ ನಾದ ಏಳುತ್ತದೆ, 80 ದಾಟಿದರೆ ಹೋಗುತ್ತದೆ. ಹಾಗಾಗಿ ಹೊಸಪೇಟೆಯ ರಸ್ತೆಯಲ್ಲಿ ನಾನು ಒಂದೋ ನಿಧಾನ, ಒಂದೋ ಜೋರು. ತಿರುವಿನಲ್ಲಿ ತಲೆ ಸ್ವಲ್ಪ ಭಾರವಾದಂತೆ ಅನಿಸುತ್ತದೆ. ಓರೆಯಾಗಿ ಹಿಂದೆ ನೋಡಿದರೆ ಬೈಕಿನವರು ಕಾಣುವುದಿಲ್ಲ, ಬಳ್ಳಾರಿಯ ಮೋತಿ ಸರ್ಕಲ್ಲಿನಲ್ಲಿ ಇದು ಸಣ್ಣ ಕೊರತೆಯಲ್ಲ. ಆದರೆ ಮೇ ತಿಂಗಳಲ್ಲಿ ಅದೇ ರೈಲ್ವೆ ಗೇಟಿನಲ್ಲಿ ಮತ್ತೆ ನಿಂತಾಗ ಅಂಗಿ ಬಿಳಿಯಾಗಿಯೇ ಉಳಿಯಿತು. ಎರಡೂ ಕಿಂಡಿ ತೆರೆದು, ಕಾಲಿನ ಹತ್ತಿರದ ಗಾಳಿಯ ಬಾಯಿಯನ್ನೂ ತೆರೆದುಕೊಂಡರೆ ಗಾಡಿ ಓಡುವಾಗ ಒಳಗೆ ಗಾಳಿ ಹರಿಯುತ್ತದೆ. ನಿಂತಾಗ ಸೆಕೆಯೇ. ಮಳೆಗಾಲದಲ್ಲಿ ಬಲಗಡೆಯ ಮುಂದಿನ ಮೂಲೆಯಿಂದ ಒಂದೊಂದು ಹನಿ ನನ್ನ ಮೊಣಕಾಲಿನ ಮೇಲೆ ಬೀಳುತ್ತದೆ. ಮೂರು ಸಲ ರಬ್ಬರು ಬದಲಿಸಿದರೂ ಅದರ ದಾರಿ ಸಿಕ್ಕಿಲ್ಲ.

ಕಳೆದ ಡಿಸೆಂಬರಿನಲ್ಲಿ, ಸಂಜೆಯ ಗಾಳಿ ತಣ್ಣಗಾದ ಮೇಲೆ, ಹತ್ತು ಬೋಲ್ಟು ಬಿಚ್ಚಿ ಟಾಪನ್ನು ಇಳಿಸಿದೆವು. ನಾನೂ ಮೇಸ್ತ್ರಿಯೂ ಎರಡು ಕಡೆ ಹಿಡಿದು ಅದನ್ನು ಶೆಡ್ಡಿನ ತೊಲೆಗೆ ಹಗ್ಗದಿಂದ ತೂಗುಹಾಕಿದೆವು. ಅವನು ಅಷ್ಟಕ್ಕೆ ಹೊರಡಲಿಲ್ಲ. ಜಾಕಿಯನ್ನು ತಂದು ಎಡಗಡೆಯ ಹಿಂದಿನ ಚಕ್ರದ ಮುಂದೆ, ಹೊಸ್ತಿಲಿನ ಕೆಳಗೆ ಕೊಟ್ಟು, ಚಕ್ರ ನೆಲ ಬಿಡುವವರೆಗೆ ಎತ್ತಿದ. ಹೊಸ್ತಿಲು ಸೋತ ಬಯಲು ಕಾರನ್ನು ಹಾಗೆ ಒಂದೇ ಮೂಲೆಯಲ್ಲಿ ಎತ್ತಿದರೆ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡುಬಿಡುತ್ತದೆ, ತೆರೆದರೆ ಮುಚ್ಚುವುದಿಲ್ಲ. ಅವನು ಎಡಗಡೆಯ ಬಾಗಿಲನ್ನು ಪೂರ್ತಿ ತೆರೆದು, ಒಂದು ಬೆರಳಿನಿಂದ ತಳ್ಳಿ ಬಿಟ್ಟ. ಅದು ಮೆಲ್ಲಗೆ ಬಂದು ಕಚ್ಚಿಕೊಂಡಿತು. ಮತ್ತೊಮ್ಮೆ ತೆರೆದು, ಈ ಸಲ ನನ್ನ ಕಡೆ ನೋಡಿ, ನೀವೇ ಹಾಕಿ ಎಂಬಂತೆ ಪಕ್ಕಕ್ಕೆ ಸರಿದು ನಿಂತ.